ಸ್ಲೈಡಿನ ಮೇಲಿದ್ದ ಅಂಗೈ

"ಮೊದಲು ಆ ಗ್ಲೌಸ್ ತೆಗೀರಿ ಮೇಡಂ!"

ಅವಳು ಬೆಚ್ಚಿಬಿದ್ದಳು. ಚರ್ಮರೋಗದ ಆಸ್ಪತ್ರೆಯ ಲ್ಯಾಬಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದಳು, ಹೀಗೆ ಗದರಿದವರು ಯಾರೂ ಇರಲಿಲ್ಲ. ಇವನೋ, ಮೈಕ್ರೋಸ್ಕೋಪ್ ರಿಪೇರಿಗೆ ಬಂದ ಮೆಕ್ಯಾನಿಕ್!

"ಗ್ಲೌಸಿನ ಪೌಡರೆಲ್ಲಾ ಸ್ಕ್ರೂ ಒಳಗೆ ಹೋಗಿ ಕೂತಿದೆ. ಬರಿಗೈಲಿ ತಿರುಗಿಸಿ ನೋಡಿ, ಬೆಣ್ಣೆ ಥರ ತಿರುಗುತ್ತೆ."

"ನಾನು ತೆಗೆಯಲ್ಲ."

"ಯಾಕೆ, ಕೈ ಸವೆದುಹೋಗುತ್ತಾ?"

"ಅಲರ್ಜಿ ಇದೆ," ಅಂದುಬಿಟ್ಟಳು.

ಹಸಿ ಸುಳ್ಳು! ಸವೆಯುವ ಮಾತು ಹಾಗಿರಲಿ, ಅವಳ ಅಂಗೈ ಚರ್ಮಕ್ಕೆ ಬೆಳೆಯುವುದನ್ನು ನಿಲ್ಲಿಸಲು ಗೊತ್ತಿರಲಿಲ್ಲ. ಹಳದಿಯಾಗಿ, ದಪ್ಪಗಾಗಿ, ಅಲ್ಲಲ್ಲಿ ಬಿರಿದ ಅಂಗೈ. ಅಪ್ಪನಿಂದ ಬಂದದ್ದು.

ಅವನು ಮತ್ತೆ ಬಂದ. ರಿಪೇರಿ ಇದ್ದಾಗ ಬಂದ, ಇಲ್ಲದಿದ್ದಾಗ ನೆಪ ಹುಡುಕಿಕೊಂಡು ಬಂದ. "ಗ್ಲೌಸ್ ಮೇಡಂ, ನಿಮ್ಮ ಮೈಕ್ರೋಸ್ಕೋಪ್ ಆರೋಗ್ಯವಾಗಿದೆಯಾ?" ಎಂದು ಹಲ್ಲು ಕಿರಿಯುತ್ತಿದ್ದ. ಲೆನ್ಸ್ ಒರೆಸಿದ ಮೇಲೆ ಅವಳು ಯಾವುದಾದರೂ ಹಳೇ ಸ್ಲೈಡ್ ಕೊಡಬೇಕು, ಅವನು ಇಣುಕಿ ಫೋಕಸ್ ಸರಿಯಿದೆಯಾ ಎಂದು ನೋಡಬೇಕು. ಅದು ಅವರಿಬ್ಬರ ರೂಢಿ. ಆಮೇಲೆ ಚಹಾ. ಅವಳದು ಚಹಾ ಕುಡಿಯುವಾಗಲೂ ಗ್ಲೌಸೇ!

ಒಂದು ಮಧ್ಯಾಹ್ನ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ನನ್ನ ಮದುವೆ ಆಗ್ತೀರಾ?"

ಹೇಳಬೇಕು... ಈಗಲೇ ಹೇಳಬೇಕು! ಆದರೆ ನಾಲಿಗೆಯೇ ಏಳಲಿಲ್ಲ. ಡ್ರಾಯರ್ ಎಳೆದು ಒಂದು ಸ್ಲೈಡ್ ತೆಗೆದಳು. ಕಾಯಿಲೆ ಯಾವುದೆಂದು ಪತ್ತೆ ಹಚ್ಚಲು ಹಿಂದೊಮ್ಮೆ ಅವಳ ಅಂಗೈಯಿಂದಲೇ ತೆಗೆದ ಚರ್ಮದ ಚೂರು ಅದರಲ್ಲಿತ್ತು.

"ಇದೇ ನನ್ನ ಉತ್ತರ... ನೋಡಿ."

ಪಾಪ, ಎದೆ ಹೊಡೆದುಕೊಳ್ಳುತ್ತಿದ್ದ ಅವನ ಕಿವಿಗೆ ಬಿದ್ದದ್ದು 'ನೋಡಿ' ಎಂಬುದೊಂದೇ! ಎಂದಿನಂತೆ ಫೋಕಸ್ ನೋಡಲು ಕೊಟ್ಟಳೆಂದುಕೊಂಡು ಇಣುಕಿದ.

"ಫೋಕಸ್ ಸೂಪರ್! ಆದ್ರೆ ಇದೇನ್ರೀ, ಚರ್ಮನೋ ಲಾರಿ ಟೈರೋ?"

ನಕ್ಕ. ಅವಳ ಮುಖಕ್ಕೆ ರಕ್ತ ನುಗ್ಗಿತು. ಭೂಮಿ ಬಾಯಿಬಿಟ್ಟರೆ ಸಾಕಿತ್ತು.

"ಹೋಗಿ. ಇನ್ನು ಬರಬೇಡಿ."

"ಅಯ್ಯೋ, ನಾನೇನಂದೆ?"

ಅವಳು ಬೆನ್ನು ತಿರುಗಿಸಿದಳು. ಅವನು ಪೆಚ್ಚುಮೋರೆ ಹಾಕಿಕೊಂಡು ಹೋದ. ತನ್ನಂಥ ಪುಟ್ಟ ರಿಪೇರಿ ಅಂಗಡಿಯವನು ಹೆಣ್ಣು ಕೇಳಿದ್ದೇ ಅವಳಿಗೆ ಅವಮಾನವಾಯಿತೇನೋ ಎಂದುಕೊಂಡ.

ಮನೆಯಲ್ಲಿ ಅವಳ ಅಳು ನಿಲ್ಲಲಿಲ್ಲ. ಎಲ್ಲ ಕೇಳಿಸಿಕೊಂಡ ಅಪ್ಪ ತಮ್ಮ ಕೈಗಳನ್ನು ಮಡಿಲಲ್ಲಿ ಅಡಗಿಸಿಕೊಂಡರು. "ನನ್ನಿಂದಲೇ ಬಂದಿದ್ದು ಕಂದಾ..." ಎಂದು ತಲೆ ತಗ್ಗಿಸಿದರು.

ಅಮ್ಮ ಮಾತ್ರ ಸುಮ್ಮನಿರಲಿಲ್ಲ.

"ನನ್ನ ನೋಡೋಕೆ ಬಂದಾಗ ನಿಮ್ಮಪ್ಪ ಜೇಬಿಂದ ಕೈ ತೆಗೀಲೇ ಇಲ್ಲ. ಮದುವೆ ಆದ್ಮೇಲೆ ನೋಡಿದೆ. ಆ ಕೈ ನನಗೆ ಯಾವತ್ತೂ ಅಸಹ್ಯ ಆಗಿಲ್ಲ ಕಣೇ. ಮುಚ್ಚಿಟ್ರಲ್ಲ, ಅದು ಇವತ್ತಿಗೂ ಚುಚ್ಚುತ್ತೆ. ಆ ಚರ್ಮ ನಿನ್ನದು ಅಂತ ಹುಡುಗನಿಗೆ ಬಾಯಿಬಿಟ್ಟು ಹೇಳಿದ್ಯಾ?"

"ಇಲ್ಲ."

"ಮತ್ತೆ ಯಾರ ಮೇಲೆ ಕೋಪ?"

ಆಗ ಅವಳಿಗೆ ನಿಜವಾದ ನಾಚಿಕೆಯಾಯಿತು. ಕೈಗಾಗಿ ಅಲ್ಲ, ಇಷ್ಟು ದಿನ ಅವನೆದುರು ಆಡಿದ ನಾಟಕಕ್ಕಾಗಿ.

ಮರುದಿನ ಅವನ ಅಂಗಡಿಗೆ ಹೋದಳು. ಮೇಜಿನ ತುಂಬ ಬಿಚ್ಚಿಟ್ಟ ಲೆನ್ಸುಗಳು. ಅವಳನ್ನು ಕಂಡು ದಡಬಡಿಸಿ ಎದ್ದ.

ಅವಳು ಗ್ಲೌಸ್ ಎಳೆದು ತೆಗೆದಳು. ಅಂಗೈಗಳನ್ನು ಅವನ ಮುಂದೆ ಹಿಡಿದಳು.

"ನಿನ್ನೆ ಸ್ಲೈಡಲ್ಲಿ ನೋಡಿದ್ದು ಇದೇ ಚರ್ಮ. ಅಲರ್ಜಿ ಅಂದಿದ್ದು ಸುಳ್ಳು."

ಅವನ ಮುಖ ಬಿಳಿಚಿಕೊಂಡಿತು.

"ಚರ್ಮಕ್ಕೆ ಗಟ್ಟಿತನ ಕೊಡೋ ಜೀನ್‌ನಲ್ಲೇ ತಪ್ಪಿದೆ. ಅದಕ್ಕೇ ಅಂಗೈ, ಅಂಗಾಲು ಹೀಗೆ. ಅಂಟೋ ಕಾಯಿಲೆ ಅಲ್ಲ. ಆದ್ರೆ ಹುಟ್ಟೋ ಪ್ರತಿ ಮಗುಗೂ ಬರೋದು, ಬರದೇ ಇರೋದು ಸಮ ಸಮ. ಎಲ್ಲಾ ಕೇಳಿದ್ರಲ್ಲ, ಈಗ ಬೇಡ ಅನ್ನಿ. ನಾನೇನೂ ಅಂದ್ಕೊಳಲ್ಲ."

ಅಂದುಕೊಳ್ಳುವುದಿಲ್ಲವಂತೆ! ಜೀವವೆಲ್ಲ ಅವನ ಬಾಯಿಂದ ಬರುವ ಮಾತಿಗಾಗಿ ಕಾಯುತ್ತಿತ್ತು.

ಅವನು ತಲೆ ಎತ್ತಲಿಲ್ಲ. "ಟೈರ್ ಅಂದ್ನಲ್ಲಾ... ನನ್ನ ನಾಲಿಗೆ ಸೇದಿಹೋಗ!"

"ನಿಮಗೆ ಗೊತ್ತಿರಲಿಲ್ಲ."

"ನಿಮ್ಮದಲ್ಲದಿದ್ರೂ ಯಾರದ್ದೋ ಕೈ ತಾನೇ ಅದು? ಹೇಗೆ ನಕ್ಕೆ ನಾನು..." ಅವಳ ಅಂಗೈಯ ಬಿರುಕುಗಳನ್ನು ನೋಡುತ್ತ ಕೇಳಿದ, "ನೋಯುತ್ತಾ?"

ಈ ಪ್ರಶ್ನೆಯನ್ನು ಅವಳು ಎಣಿಸಿರಲಿಲ್ಲ.

"ಬಿರಿದಾಗ... ತುಂಬಾ."

"ಮಗುಗೂ ಬಂದ್ರೆ?"

"ಅದೇ ನನ್ನ ಭಯ."

"ನನಗೂ ಭಯಾನೇ. ಆದ್ರೆ ಆ ಮಗು ಕೈ ಮುಚ್ಕೊಂಡು ಬೆಳೆಯಲ್ಲ. ಅಷ್ಟು ನಾನು ನೋಡ್ಕೋತೀನಿ."

ಅವನು ಕೈ ಚಾಚಿದ. ಅವಳು ಹಿಂಜರಿಯುತ್ತಲೇ ತನ್ನ ಅಂಗೈಯನ್ನು ಅದರಲ್ಲಿಟ್ಟಳು. ಬುದ್ಧಿ ಬಂದ ಮೇಲೆ ಅವಳ ಬರಿಗೈಯನ್ನು ಮನೆಯವರು, ಡಾಕ್ಟರು ಬಿಟ್ಟು ಬೇರೆಯವರು ಹಿಡಿದದ್ದು ಅದೇ ಮೊದಲು.

"ಒರಟಾಗಿದೆ, ಅಲ್ವಾ?"

"ಹೂಂ, ಒರಟೇ."

ಅವನು ಸುಳ್ಳು ಹೇಳಲಿಲ್ಲ. ಅವಳ ಕಣ್ಣಿಂದ ನೀರು ಧಾರಾಕಾರ ಇಳಿಯಿತು.

"ಅಯ್ಯೋ, ಅಳ್ಬೇಡ ಕಣೇ! ಕೈ ಬಿಡ್ಲಾ?"

"ಬಿಟ್ಟೀರಾ... ಜೋಕೆ!"