ಫುಲ್ ಇಟ್ಟರೂ ಸಾಲದ ಬೆಳಕು

"ಅಯ್ಯೋ, ಮುಟ್ಟಬೇಡಿ!"

ಬಾಗಿಲಲ್ಲಿ ಯಾರೋ ಕೂಗಿದ ರಭಸಕ್ಕೆ ಅವಳ ಕೈಲಿದ್ದ ಸ್ಕ್ರೂಡ್ರೈವರ್ ಹೊಲಿಗೆ ಮೆಷಿನ್ ಮೇಲೆ ಬಿತ್ತು. ಎಲೆಕ್ಟ್ರಿಷಿಯನ್ ಬರುವಷ್ಟರಲ್ಲಿ ಹಳೇ ಸ್ವಿಚ್ಚನ್ನು ತಾನೇ ಬಿಚ್ಚಿಡೋಣ ಅಂತ ಹೊರಟಿದ್ದಳು ಮಹಾರಾಯ್ತಿ!

"ಸ್ವಿಚ್ ಆಫ್ ಮಾಡಿದೀನಲ್ರೀ!"

"ಆಫ್ ಆದ್ರೂ ಬಾಕ್ಸೊಳಗೆ ಕರೆಂಟ್ ಇರುತ್ತೆ. ಮೊದ್ಲು ಮೇನ್ ಆಫ್ ಮಾಡ್ಬೇಕು. ಕೆಂಪು ವೈರು ಅಷ್ಟು ಮುಂದೆ ಬಂದಿದೆ, ಕಾಣಿಸ್ಲಿಲ್ವಾ?"

ಕಾಣಿಸಿರಲಿಲ್ಲ. ಆದರೆ ಅದನ್ನು ಹೇಗೆ ಹೇಳುವುದು?

ದಿನೇ ದಿನೇ ಮಂಕಾಗುತ್ತಿರುವ ಈ ಕಣ್ಣಿಗೆ ಮದ್ದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಒಂದೇ ಸೂರಿನಡಿ ಇದ್ದ ಅತ್ತಿಗೆಗೂ ಅವಳು ಬಾಯಿ ಬಿಟ್ಟಿರಲಿಲ್ಲ. ಕಣ್ಣು ಕಾಣದ ಟೈಲರಿಗೆ ಯಾರು ಬಟ್ಟೆ ಕೊಡುತ್ತಾರೆ? ಇದ್ದಷ್ಟು ದಿನ ಹೊಲಿಯೋಣ, ಬೇಕಾದಾಗ ಬೆಳಕು ಜಾಸ್ತಿ ಮಾಡಿಕೊಳ್ಳೋಣ ಎಂದು ಡಿಮ್ಮರ್ ಹಾಕಿಸಲು ಹೊರಟಿದ್ದಳು.

ಬಾಗಿಲಲ್ಲಿದ್ದ ಎಲೆಕ್ಟ್ರಿಷಿಯನ್ ಒಳಗೆ ಬಂದು ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲಷ್ಟೇ ಕೈ ಹಾಕಿದ. ಇಡೀ ಬೀದಿಗೆ ಅವನು ಫ್ಯೂಸಣ್ಣ. ಅವಳಿಗೆ ಮಾತ್ರ, ಯಾಕೋ, ಆ 'ಅಣ್ಣ' ಬಾಯಿಗೆ ಬರಲೇ ಇಲ್ಲ!

"ಡಿಮ್ಮರಿಗೆ ಹೊಂದೋ ಬಲ್ಬೇ ಹಾಕ್ಬೇಕು. ಬೇರೇದು ಹಾಕಿದ್ರೆ ಮಿಣಮಿಣ ಅನ್ನುತ್ತೆ. ಹಾಂ, ಈಗ ತಿರುಗಿಸಿ ನೋಡಿ."

ಪೂರ್ತಿ ತಿರುಗಿಸಿದಳು. 'ಇಷ್ಟೇನಾ...?'

ಮುಂದಿನ ವಾರ ಮತ್ತೆ ಕರೆಸಿದಳು. "ಬೆಳಕು ಸಾಲ್ತಿಲ್ಲ." ಬಲ್ಬ್ ಬದಲಾಯಿಸಿದ. ಮತ್ತೆ ಕರೆಸಿದಳು. ಡಿಮ್ಮರನ್ನೇ ಬದಲಾಯಿಸಿದ. ಇನ್ನೊಮ್ಮೆ ಕರೆಸಿದಾಗ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ! ಅಡುಗೆಮನೆಯಿಂದ ಅತ್ತಿಗೆ ಬೇಕಂತಲೇ ಕೆಮ್ಮಿದಳು.

"ಒಂದು ಮಾತು ಕೇಳ್ಲಾ? ಬೆಳಕು ಚೆನ್ನಾಗೇ ಇದೆ. ನೀವು ಕರೆಯೋದು... ನನ್ನ ನೋಡೋಕಾ?"

ಅವಳಿಗೆ ಹೌದು ಎನ್ನಬೇಕೆನಿಸಿತು. ಆದರೆ ಎದುರಿಗಿದ್ದ ಆ ಮುಖವೇ ಮಸುಕು ಮಸುಕು. 'ನನ್ನ ಕಟ್ಕೊಂಡು ಇವನ್ಯಾಕೆ ಒದ್ದಾಡಬೇಕು?'

"ನಿಮಗೆ ಕೆಲಸ ಬರಲ್ಲ, ಅದಕ್ಕೇ ಮತ್ತೆ ಮತ್ತೆ ಕರೀಬೇಕಾಯ್ತು. ಇನ್ಮೇಲೆ ಬೇರೆಯವರನ್ನ ಕರೆಸ್ತೀನಿ. ಹೋಗಿ!"

ಅವನು ಬ್ಯಾಗ್ ಎತ್ತಿಕೊಂಡ. ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಅವಳು ಬಾಯಿಗೆ ಬಟ್ಟೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಹೇಳಿದ ಹಾಗೇ ಇನ್ನೊಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ಅವನು ನೋಡಿಕೊಂಡು ಬಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಗಾಡಿದ.

"ಆ ಟೈಲರ್ ರೂಮಿಗೆ ಹೋಗಿದ್ದೆ ಕಣಯ್ಯಾ ಫ್ಯೂಸಣ್ಣ. ನನ್ನ ಕಣ್ಣು ಕೋರೈಸ್ತಿತ್ತು! ಆ ಹುಡುಗಿ ನೋಡಿದ್ರೆ ಕತ್ತಲೆ ಕತ್ತಲೆ ಅಂತಾಳೆ!"

ಫ್ಯೂಸಣ್ಣನ ಬಾಯಿಗೆ ಹೋಗುತ್ತಿದ್ದ ಟೀ ಲೋಟ ಅಲ್ಲೇ ನಿಂತಿತು. ಕಾಣದ ಕೆಂಪು ವೈರು... ಎಷ್ಟು ಬಲ್ಬ್ ಹಾಕಿದರೂ ಸಾಲದ ಬೆಳಕು... 'ಥೂ, ನನ್ನ ಬುದ್ಧಿಗಿಷ್ಟು!' ಲೋಟ ಕುಕ್ಕಿ, ಬ್ಯಾಗ್ ಹೆಗಲಿಗೇರಿಸಿಕೊಂಡು ಓಡಿದ.

ಅವಳ ಕೋಣೆಯಲ್ಲಿ ದೀಪ ಝಗಝಗ ಉರಿಯುತ್ತಿತ್ತು. ಅವನು ಆ ಬೆಳಕಿನಲ್ಲೇ, ಅವಳೆದುರೇ ಬಂದು ನಿಂತ.

"ಯಾರು? ಅತ್ತಿಗೇನಾ?"

ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ.

"ನಾನು... ಕಣ್ಣಿಗೆ ಏನಾಗಿದೆ?"

ಇನ್ನು ಮುಚ್ಚಿಡಲು ಅವಳಲ್ಲಿ ತ್ರಾಣವಿರಲಿಲ್ಲ. ಎಲ್ಲವನ್ನೂ ಹೇಳಿದಳು. "ಪೂರ್ತಿ ಹೋಗುತ್ತಂತೆ. ಮದ್ದಿಲ್ವಂತೆ. ನಿಮ್ಮ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ... ನೀವು ನನಗೆ ಬೇಕು, ಅದಕ್ಕೇ ಕಳಿಸ್ದೆ. ಹೋಗಿಬಿಡಿ."

"ಇದನ್ನ ನನ್ನಿಂದ ರಿಪೇರಿ ಮಾಡೋಕೆ ಆಗಲ್ಲ. ಆದ್ರೆ ನಿಮ್ಮನ್ನ ಬಿಟ್ಟು ಇರೋಕೂ ಆಗಲ್ಲ."

"ನಿಮ್ಮ ಮುಖಾನೇ ನಾನು ಸರಿಯಾಗಿ ನೋಡಿಲ್ಲ ಕಣ್ರೀ!"

ಅವನು ಬ್ಯಾಗಿನಿಂದ ಟಾರ್ಚ್ ತೆಗೆದ. ಅವಳ ಮುಂದೆ ಮಂಡಿಯೂರಿ ಕೂತು, ತನ್ನ ಮುಖಕ್ಕೇ ಬೆಳಕು ಬಿಟ್ಟುಕೊಂಡ.

"ನೋಡಿ."

"ಇನ್ನೂ ಹತ್ರ ಬನ್ನಿ..."

ಬಂದ. ಅವಳು ಒಂದೊಂದನ್ನೇ ನೋಡಿದಳು. ಹುಬ್ಬಿನ ಮೇಲೆ ಹಳೇ ಗಾಯದ ಗುರುತು, ಶೇವ್ ಮಾಡುವಾಗ ಬಿಟ್ಟುಹೋದ ನಾಲ್ಕು ಕೂದಲು.

"ಮೂಗು ಸ್ವಲ್ಪ ದೊಡ್ಡದು."

"ಒಳ್ಳೇದೇ ಆಯ್ತು. ಕತ್ತಲಲ್ಲೂ ಕೈಗೆ ಸಿಗುತ್ತೆ."

ಅವಳು ನಕ್ಕಳು. ನಗುತ್ತಲೇ ಅತ್ತಳು.

"ಆರಿಸಿ ಸಾಕು. ನಿಮ್ಮ ಕಣ್ಣಲ್ಲಿ ನೀರು ಬರ್ತಿದೆ."

"ನೀವು ನೋಡಿ ಮುಗಿಸಿದ್ರಾ?"

"ಇಲ್ಲ..."

"ಮತ್ತೆ? ನೋಡಿ."