ಬಸವ ಮಾರ್ಕ್ ಬ್ಯಾಟರಿ

"ಮೋಸ!"

ಮಂಗಳವಾರ ಬೆಳಗ್ಗೆ ಮೈಸೂರಿನ ಮೊದಲ ಬಸ್ಸಿಳಿದು ಬಂದ ರಸಾಯನಶಾಸ್ತ್ರದ ಮೇಷ್ಟ್ರು ರಂಗನಾಯಕರು ಕೊಟ್ಟಿಗೆಯ ಬೀಗ ತೆಗೆದು, ಮೀಟರಿನ ಮುಳ್ಳು ನೋಡಿ, ಹೀಗೆ ಕೂಗಿಕೊಂಡರು. ಗುಂಡ್ಲುಪೇಟೆಯ ಆ ಬೀದಿಯಲ್ಲಿ ಹಾಲು ಕರೆಯುತ್ತಿದ್ದವರು ಕೂಡ ಕೈ ನಿಲ್ಲಿಸಿದರು.

ಕೊಟ್ಟಿಗೆಯ ಯಜಮಾನ ವೃಷಭೇಂದ್ರಪ್ಪ ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡೇ ಓಡಿ ಬಂದ.

"ಏನಾಯ್ತು ಮೇಷ್ಟ್ರೇ? ಕಳುವಾಯ್ತಾ?"

"ಕಳುವಾಗಿದ್ದರೆ ಎಷ್ಟೋ ವಾಸಿ! ಭಾನುವಾರ ಸಾಯೋ ಹಾಗಿದ್ದ ನಿಮ್ಮ ಬ್ಯಾಟರಿ ಇವತ್ತು ಎದ್ದು ಕೂತಿದೆ. ಹೋದ ಮಂಗಳವಾರವೂ ಮುಳ್ಳು ಏರಿತ್ತು, ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡೆ. ಬೀಗದ ಕೈ ನನ್ನ ಜೇಬಲ್ಲಿದೆ. ಒಳಗೆ ಹೇಗೆ ಬಂದಿರಿ? ಹೊಸ ಬ್ಯಾಟರಿ ಯಾವಾಗ ಇಟ್ಟಿರಿ?"

ಲೋಕದಲ್ಲಿ ಕಳ್ಳತನವೆಂದರೆ ಇದ್ದದ್ದು ಹೋಗುವುದು. ಇಲ್ಲಿ ಹೋದದ್ದು ಬಂದಿತ್ತು. ಇಂಥ ಕಳ್ಳತನಕ್ಕೆ ಯಾವ ಸ್ಟೇಷನ್ನಿನಲ್ಲಿ ದೂರು ಕೊಡುವುದು?

ಎತ್ತುಗಳನ್ನು ಹಿತ್ತಲಿಗೆ ಸಾಗಿಸಿ, ಈ ಕೊಟ್ಟಿಗೆಯಲ್ಲೇ ವೃಷಭೇಂದ್ರಪ್ಪ ಬ್ಯಾಟರಿ ಕಾರ್ಖಾನೆ ತೆರೆದಿದ್ದ. ಲೇಬಲ್ಲಿನ ಮೇಲೆ ಬೆನ್ನ ಮೇಲೆ ಇಣಿ ಎತ್ತಿದ ಬಸವನ ಚಿತ್ರ. ಬಂಡೀಪುರದ ಫಾರೆಸ್ಟ್ ಗಾರ್ಡುಗಳು ಕೊಳ್ಳುತ್ತಿದ್ದರು, ಬೈಯುತ್ತಲೂ ಇದ್ದರು. ಆನೆ ಎದುರಿಗೆ ನಿಂತಾಗಲೇ ಟಾರ್ಚು ಕಣ್ಣು ಮುಚ್ಚುತ್ತದಂತೆ. ಅದನ್ನು ಸರಿಪಡಿಸುವ ವಿದ್ಯೆ ಮೈಸೂರಿನ ಕಾಲೇಜಿನಲ್ಲಿತ್ತು, ಕಾಲೇಜಿಗೆ ಕಾರ್ಖಾನೆ ಇರಲಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಬಸವ ಮಾರ್ಕನ್ನೂ ಬೊಂಬಾಯಿಯ ಲಾಂದ್ರ ಮಾರ್ಕನ್ನೂ ಪಕ್ಕಪಕ್ಕ ಇಟ್ಟು, ಒಂದೊಂದಕ್ಕೂ ಪುಟ್ಟ ಬಲ್ಬು ಕಟ್ಟಿ, ಯಾವುದು ಮೊದಲು ಆರುತ್ತದೆಂದು ಮೇಷ್ಟ್ರು ಪರೀಕ್ಷಿಸುತ್ತಿದ್ದರು. ಬಸವ ಮಾರ್ಕೇ ಮೇಲೆಂದು ಅವರು ಸಹಿ ಹಾಕಿದರೆ ಕಾಲೇಜೂ ಕೊಟ್ಟಿಗೆಯೂ ಸೇರಿ ಸಂಶೋಧನೆ. ಹಾಕದಿದ್ದರೆ ಸಂಶೋಧನೆ ಮಾತ್ರವಲ್ಲ, ಮಾನವೂ ಹೋಯಿತು. ಮೋಸಗಾರನ ಬ್ಯಾಟರಿಯನ್ನು ಯಾರು ಕೊಳ್ಳುತ್ತಾರೆ?

"ನಮ್ಮಪ್ಪನಾಣೆ, ನಾನು ಮುಟ್ಟಿಲ್ಲ," ಎಂದ. ಅಷ್ಟರಲ್ಲಿ ಪಕ್ಕದ ಜಗುಲಿಯಿಂದ ನಿವೃತ್ತ ದಫೇದಾರ ರಾಚಯ್ಯ ಇಳಿದು ಬಂದ. ಪೊಲೀಸು ಕೆಲಸ ಬಿಟ್ಟಿದ್ದರೂ ಅವನ ಮೀಸೆ ಇನ್ನೂ ಡ್ಯೂಟಿಯಲ್ಲಿತ್ತು.

"ಯಾರೂ ಏನೂ ಮುಟ್ಬ್ಯಾಡಿ. ಕೆಲಸದೋನು ಎಲ್ಲವ್ನೆ?"

ಕೆಲಸದ ಮಾದಣ್ಣ ಆಗಷ್ಟೇ ಬಾಗಿಲಿಗೆ ಬಂದಿದ್ದ.

"ನೆನ್ನೆ ಎಲ್ಲೋಗಿದ್ಲಾ?"

"ಚಾಮರಾಜನಗರಕ್ಕೆ ಕಣಣ್ಣ, ಸತುವಿನ ತಗಡು ತರಕ್ಕೆ. ಅಕ್ಕನ ಮನೇಲಿ ಉಳ್ಕಂಡು ಈಗ ಬಸ್ಸಿಳಿದೆ. ನೋಡು, ತಗಡಿನ್ನೂ ತಲೆ ಮ್ಯಾಲೇ ಅದೆ!"

"ಇಳಿಸ್ಲಾ ಮೊದ್ಲು." ರಾಚಯ್ಯ ಮೇಷ್ಟ್ರ ಕಡೆ ತಿರುಗಿದ. "ಬ್ಯಾಟ್ರಿಗೆ ನೀವೇನಾರ ಗುರ್ತು ಮಾಡಿದ್ರಾ?"

"ತಳದಲ್ಲಿ ನನ್ನ ಸಹಿ ಗೀಚಿದ್ದೆ."

"ತಿರುಗ್ಸಿ ನೋಡಿ."

ಮೇಷ್ಟ್ರು ತಿರುಗಿಸಿದರು. ಸಹಿ ಇತ್ತು! ಮೇಷ್ಟ್ರ ಮುಖ ಸಣ್ಣಗಾಯಿತು. "ಅದೇ ಬ್ಯಾಟರಿ... ಹಾಗಾದರೆ ಇದಕ್ಕೆ ಜೀವ ಬಂದದ್ದು ಎಲ್ಲಿಂದ?"

"ಲೇಬಲ್ ಮ್ಯಾಲೆ ಬೆಳ್ಳಗಿರದೇನು?"

"ಒಳಗಿನ ನವಸಾಗರದ ಉಪ್ಪು ಒಸರಿದೆ. ಒಣ ಬ್ಯಾಟರಿಗಳಲ್ಲಿ ಇದು ಮಾಮೂಲು."

"ತಳದಲ್ಲಿ ಉಲ್ಲಿನ ಎಸಳು?"

"ಗಾಳಿಗೆ ಬಂದಿರಬೇಕು. ಹೋದ ವಾರವೂ ಇತ್ತು, ಗುಡಿಸಿದೆ."

ರಾಚಯ್ಯ ಬಗ್ಗಿ ನೋಡಿದ. ಗೋಡೆಯನ್ನು ಸವರಿದ. ಕಿಸಕ್ಕನೆ ನಕ್ಕ.

"ಮದ್ದು ಒಸರಿದ್ರೆ ಮೂರು ಬೆರಳಿನ ಅಡ್ಡಗೆರೆ ಬೀಳ್ತದಾ ಮೇಷ್ಟ್ರೇ? ಅದೂ ಸರಿಯಾಗಿ ಎತ್ತಿನ ಅಣೆ ಮ್ಯಾಲೆ? ಇದು ಈಬೂತಿ! ಗಾಳಿಗೆ ಬಂದ ಉಲ್ಲು ಎರಡು ಬ್ಯಾಟ್ರಿ ಮುಂದೂ ಬೀಳ್ಬೇಕಾಗಿತ್ತು. ಬೊಂಬಾಯಿದ್ರ ಮುಂದೆ ಒಂದೆಸಳೂ ಇಲ್ಲ. ಇನ್ನು ಬೀಗ. ಕೊಟ್ಟಿಗೆ ಅಂದ ಮ್ಯಾಲೆ ಮನೆ ಒಳಗಿಂದ ಉಲ್ಲು ಆಕೋ ಕಿಂಡಿ ಇರಕಿಲ್ವಾ? ನೋಡಿ, ಅಲಗೆ ಹಿಂದೆ. ವೃಷಭೇಂದ್ರಪ್ಪ, ನಿಮ್ಮನೇಲಿ ಸೋಮವಾರ ಎತ್ತು ಹೂಡ್ತೀರಾ?"

"ಶಿವ ಶಿವಾ! ಸೋಮವಾರ ಬಸವಣ್ಣನ ಹೆಗಲ ಮ್ಯಾಲೆ ನೊಗ ಮಡಗದಾ? ನಮ್ಮವ್ವ..."

ವೃಷಭೇಂದ್ರಪ್ಪನ ಬಾಯಿ ಹಾಗೇ ತೆರೆದುಕೊಂಡಿತು. ಬೇವಿನ ಕಡ್ಡಿ ಕೆಳಗೆ ಬಿತ್ತು.

"ಊಂ. ಕಳ್ಳಿ ನಿಮ್ಮವ್ವನೇ. ಚಿತ್ರ ಅಂಟಿಸ್ದೋನು ನೀನೇ."

ಕಿಂಡಿಯ ಬಾಗಿಲು ದಡಕ್ಕನೆ ತೆರೆಯಿತು. ಗುರುಮಲ್ಲಮ್ಮನ ಮುಖ ಕಂಡಿತು.

"ಯಾರ್ಲಾ ಕಳ್ಳಿ? ನಾನೇ ಬಿಚ್ಬುಟ್ಟೆ, ಅದ್ಕೇನೀಗ? ಹಗಲೂ ರಾತ್ರಿ ದೀಪ ಉರಿಸ್ಕಂಡು ನಿಂತದೆ ಬಸವಣ್ಣ! ಸೋಮವಾರವಾದ್ರೂ ನೊಗ ಇಳಿಸ್ದಿದ್ರೆ ಪಾಪ ಸುತ್ಕತದೆ. ಬೆಳಗ್ಗೆ ತಂತಿ ಬಿಚ್ದೆ, ಈಬೂತಿ ಬಳ್ದೆ, ಒಸಿ ಉಲ್ಲು ಮಡಗ್ದೆ. ಕತ್ತಲಾದ ಮ್ಯಾಲೆ ಕಟ್ಬುಟ್ಟೆ."

"ಪಕ್ಕದ್ದನ್ನ ಯಾಕೆ ಬಿಚ್ಚಲಿಲ್ಲ ತಾಯಿ?" ಮೇಷ್ಟ್ರು ಕೇಳಿದರು.

"ಅದ್ರ ಮ್ಯಾಲೆ ಬರೀ ಲಾಂದ್ರ ಬರ್ದವ್ರೆ. ಲಾಂದ್ರಕ್ಕೇನಪ್ಪ ಸೋಮವಾರ?"

ಮೇಷ್ಟ್ರು ತಗಡಿನ ಕಟ್ಟಿನ ಮೇಲೆ ಕುಸಿದು ಕೂತರು. ಆಮೇಲೆ ತಮ್ಮ ಹಣೆಯನ್ನು ತಾವೇ ಚಚ್ಚಿಕೊಂಡರು.

"ದುಡಿಯುವಾಗ ಬ್ಯಾಟರಿಯ ಒಳಗೆ ಅನಿಲದ ಗುಳ್ಳೆ ಕಟ್ಟಿಕೊಂಡು ಕರೆಂಟಿಗೆ ಅಡ್ಡ ನಿಲ್ಲುತ್ತೆ. ಬಿಡುವು ಕೊಟ್ಟರೆ ಅದು ಇಳಿದು ಮತ್ತೆ ಜೀವ ಬರುತ್ತೆ. ನಿನ್ನೆ ಮೈಸೂರಲ್ಲಿ ಇದೇ ಪಾಠ ಮಾಡಿ ಬಂದೆ! ವೃಷಭೇಂದ್ರಪ್ಪನವರೇ, ತಪ್ಪಾಯ್ತು. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ."

"ಅದು ಬುಡಿ. ಸಹಿ?"

"ಯಾವುದು ಮೇಲು ಅಂತ ಹಾಕೋಕಾಗಲ್ಲ, ಪಂದ್ಯ ಕೆಟ್ಟುಹೋಯ್ತು. ಆದರೆ ಟಾರ್ಚು ಬಿಟ್ಟು ಬಿಟ್ಟು ಉರಿಯೋದೇ ತಾನೇ? ಎಷ್ಟು ದುಡಿಮೆಗೆ ಎಷ್ಟು ವಿಶ್ರಾಂತಿ ಅನ್ನೋದನ್ನ ಕಾಲೇಜೂ ಕಾರ್ಖಾನೆಯೂ ಸೇರಿಯೇ ನೋಡಬೇಕು. ಅದಕ್ಕೆ ಇವತ್ತೇ ಸಹಿ ಹಾಕ್ತೀನಿ."

ವೃಷಭೇಂದ್ರಪ್ಪ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡ.

"ಆದರೆ ಎರಡಕ್ಕೂ ಸಮ ವಿಶ್ರಾಂತಿ ಸಿಗಬೇಕು," ಎಂದರು ಮೇಷ್ಟ್ರು. "ಅಮ್ಮನವರಿಗೆ ಹೇಳಿ ತಂತಿ ಮುಟ್ಟದ ಹಾಗೆ..."

"ಆ ಕೈ ತಡೆಯೋ ಪೊಲೀಸು ಈ ತಾಲ್ಲೂಕಲ್ಲಿ ಹುಟ್ಟಿಲ್ಲ," ಎಂದ ರಾಚಯ್ಯ.

ಮೇಷ್ಟ್ರು ಮೂಲೆಯಲ್ಲಿದ್ದ ಕಟ್ಟಿನಿಂದ ಬಸವನ ಲೇಬಲ್ಲೊಂದನ್ನು ಕಿತ್ತು, ಗೋಂದು ಬಳಿದು, ಬೊಂಬಾಯಿ ಬ್ಯಾಟರಿಯ ಲಾಂದ್ರದ ಮೇಲೆ ಅಂಟಿಸಿದರು.

ಮುಂದಿನ ಮಂಗಳವಾರ ಬೀಗ ತೆಗೆದಾಗ ಎರಡೂ ಮುಳ್ಳು ಏರಿದ್ದವು. ಎರಡು ಎತ್ತಿನ ಹಣೆಗೂ ವಿಭೂತಿ ಬಿದ್ದಿತ್ತು. ಆದರೆ ಬಸವ ಮಾರ್ಕಿನ ಮುಂದೆ ಹುಲ್ಲು, ಬೊಂಬಾಯಿಯದರ ಮುಂದೆ ಬೆಲ್ಲದ ಚೂರು.

"ಇದೇನು ತಾಯಿ, ಭೇದ ಮಾಡಿದ್ದೀರಿ?"

ಕಿಂಡಿಯಿಂದ ಗುರುಮಲ್ಲಮ್ಮ ಇಣುಕಿದಳು.

"ದೂರದಿಂದ ಬಂದಿರೋ ಎತ್ತು ಕಣಪ್ಪ. ನಮ್ಮೂರ ಉಲ್ಲು ಒಗ್ಗತದೋ ಇಲ್ವೋ!"