ಮೂವತ್ತೊಂದನೆಯ ನಿಮಿಷ

ಟೋಬಿ ಹುದಾಕ್ ನನ್ನನ್ನು ಖುಷಿಪಡಿಸಲು ಹೋಗಿ ನನ್ನ ತಂಗಿಯ ಕೊಲೆಯ ಕಥೆ ಹಾಕಿಬಿಟ್ಟ. ಪಾಪ, ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನಾನೇ ನೋಡಿಕೊಂಡಿದ್ದೆ.

ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ, ಪ್ರತಿ ಗುರುವಾರ ಬೆಳಿಗ್ಗೆ, ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಪಿರೋಗಿ ಮಾಡುತ್ತೇವೆ. ಉದ್ದನೆಯ ಮೇಜು, ಎರಡೂ ಕಡೆ ಜನ. ಹಿಟ್ಟಿನ ಬಿಲ್ಲೆಯೊಳಗೆ ಆಲೂಗಡ್ಡೆ, ಚೀಸ್ ಇಟ್ಟು ಅಂಚು ಚಿವುಟಿ ಮುಚ್ಚುವುದು. ಕೈಗೆ ಕೆಲಸ, ಕಿವಿಗೆ ಕೊಲೆ. ಹೌದು ಮತ್ತೆ, ಮೇಜಿನ ತುದಿಯ ಸ್ಪೀಕರಿನಲ್ಲಿ ಯಾವುದಾದರೂ ನಿಜವಾದ ಕೊಲೆಯ ಪಾಡ್‌ಕಾಸ್ಟ್ ಇರಲೇಬೇಕು. ಆರಿಸುವ ಸರದಿ ವಾರಕ್ಕೊಬ್ಬರದು. ಎಂಬತ್ತು ದಾಟಿದ ಒಲ್ಗಾ ಅಜ್ಜಿಗೆ ವಿಷ ಹಾಕಿದ್ದೇ ಆಗಬೇಕು. "ರಕ್ತ ಬೇಡಮ್ಮ, ನನ್ನ ಕೈಲಾಗಲ್ಲ," ಎನ್ನುತ್ತಾಳೆ.

ಸ್ಪೀಕರ್ ಶುರುವಾದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಕುದಿಯುವ ಹಂಡೆಯ ಮೇಲಿನ ಫ್ಯಾನಿನ ಸದ್ದಿಗೆ ಅಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಅದಕ್ಕೆ ಮುಂಚಿನ ಅರ್ಧ ಗಂಟೆ ಮಾತ್ರ ನನ್ನದು. ಎದುರಿಗೆ ಟೋಬಿ ನಿಲ್ಲುತ್ತಿದ್ದ. ಚಳಿಗಾಲದಲ್ಲಿ ಊರ ರಸ್ತೆಯ ಹಿಮ ತಳ್ಳುವ ಟ್ರಕ್ ಓಡಿಸುವವನು. ಅಷ್ಟು ದೊಡ್ಡ ಕೈ, ಆದರೂ ಎಷ್ಟು ನಾಜೂಕಾಗಿ ಚಿವುಟುತ್ತಿದ್ದ ಅಂತೀರಿ!

"ನಿಮ್ಮ ಪಿರೋಗಿ ನೀರಿಗೆ ಬಿದ್ದ ತಕ್ಷಣ ಬಾಯಿ ಬಿಡುತ್ತೆ. ನೀವು ಮಾತ್ರ ಬಿಡಲ್ಲ," ಎಂದಿದ್ದ ಒಮ್ಮೆ.

"ನಿಮ್ದು ಉಲ್ಟಾ. ಪಿರೋಗಿ ಗಪ್‌ಚುಪ್, ನಿಮ್ಮ ಬಾಯಿಗೆ ಬೀಗಾನೇ ಇಲ್ಲ."

ಅವನು ನಕ್ಕು, ಕೆನ್ನೆಗೆ ಹಿಟ್ಟು ಹತ್ತಿದೆ ಎಂದು ಕಣ್ಣಲ್ಲೇ ತೋರಿಸಿದ. ನಾನು ಇನ್ನೊಂದು ಕೆನ್ನೆ ಒರೆಸಿಕೊಂಡೆ. ಬೇಕೆಂತಲೇ. ಅವನು ಇನ್ನಷ್ಟು ಹೊತ್ತು ನೋಡಲಿ ಎಂದು.

ಆ ಗುರುವಾರ ಅವನ ಸರದಿ. ನಾನು ಏಳುವಷ್ಟರಲ್ಲಿ, "ರೊವೀನಾ, ಇವತ್ತೊಂದಿನ ಕೂತ್ಕೊಳ್ಳಿ. ನಿಮಗೋಸ್ಕರ ಹುಡುಕಿದೀನಿ. ನಿಮ್ಮ ಒಹಾಯೊ ಕಡೆಯದೇ," ಎಂದ. ಕಿವಿ ಕೆಂಪಾಗಿತ್ತು ಅವನದು. ಅಜ್ಜಿ ಮೊಣಕೈಯಲ್ಲಿ ನನ್ನನ್ನು ತಿವಿದಳು. ಕೂತೆ.

ಮೊದಲು ಹಾಸಿಗೆಯ ಜಾಹೀರಾತು ಬಂತು. ಆಮೇಲೆ ನಿರೂಪಕಿ, ಮದುವೆಗೆ ಕರೆಯುವಷ್ಟು ಉತ್ಸಾಹದಲ್ಲಿ, ನನ್ನ ತಂಗಿ ಲೋರ್ನಾಳ ಹೆಸರು ಹೇಳಿದಳು.

ಕೊಲೆಯಾಗಿ ಒಂಬತ್ತು ವರ್ಷವಾಗಿತ್ತು. ಲೋರ್ನಾಗೆ ಆಗ ಇಪ್ಪತ್ತೆರಡು. ಕೊಂದವನು ಇವತ್ತಿಗೂ ಸಿಕ್ಕಿಲ್ಲ. ಕೇಳಿದವರಲ್ಲಿ ಯಾರಾದರೂ ಸುಳಿವು ಕೊಟ್ಟಾರು ಎಂಬ ಆಸೆಗೆ, ಅವಳು ನನ್ನ ಫೋನಿನಲ್ಲಿ ಬಿಟ್ಟಿದ್ದ ಕೊನೆಯ ವಾಯ್ಸ್ ಮೆಸೇಜನ್ನೂ ಈ ಕಾರ್ಯಕ್ರಮದವರಿಗೆ ಕೊಟ್ಟಿದ್ದೆವು. ಸುಳಿವು ಬರಲಿಲ್ಲ. ಲೋರ್ನಾ ಮಾತ್ರ ಊರವರ ಸ್ವತ್ತಾದಳು. ಬಸ್ಸಿನಲ್ಲಿ ಯಾರೋ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದರೆ, ಒಳಗೆ ಈಗ ಅವಳು ಸಾಯುತ್ತಿದ್ದಾಳೇನೋ ಎಂದು ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಿದ್ದೆ. ಅಮ್ಮನ ತವರಿನ ಹೆಸರಿಟ್ಟುಕೊಂಡು ಪೆನ್ಸಿಲ್ವೇನಿಯಕ್ಕೆ ಬಂದೆ. ಲೋರ್ನಾಳೂ ಹಿಂದೆಯೇ ಬಂದಳು, ಆ ಸ್ಪೀಕರಿನಲ್ಲಿ.

"ನಿಲ್ಸು," ಎಂದೆ. "ಅವಳು ನನ್ನ ತಂಗಿ."

ಟೋಬಿ ಸ್ಪೀಕರಿನ ತಂತಿಯನ್ನೇ ಕಿತ್ತ. ಒಲ್ಗಾ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಹೊರಗೆ ಬಂದೆ.

ಹಿಂದೆಯೇ ಅವನು. "ಕೋಟ್ ತಂದಿದೀನಿ. ಹಾಕ್ಕೊಂಡು ಆಮೇಲೆ ಬೈಯಿರಿ."

"ಎಷ್ಟು ಸಲ ಕೇಳಿದೀಯಾ ಅದನ್ನ?" ನೀವು ಎನ್ನುವುದು ಎಲ್ಲೋ ಉದುರಿಹೋಗಿತ್ತು.

"ತುಂಬಾ ಸಲ."

"ಮಜಾ ಬಂತಾ?"

ಸುಳ್ಳು ಹೇಳಲಿಲ್ಲ, ಪುಣ್ಯಾತ್ಮ. "ಬಂತು. ಟ್ರಕ್‌ನಲ್ಲಿ ಒಬ್ಬನೇ ಇರ್ತೀನಿ. ಹೊತ್ತು ಹೋಗ್ತಿತ್ತು."

"ನನ್ನ ತಂಗಿ ನಿಂಗೆ ಟೈಂಪಾಸ್!"

ಅವನು ಹಿಮದ ಕಡೆ ನೋಡುತ್ತಾ ನಿಂತ. "ನಮ್ಮಮ್ಮ ಮೆಟ್ಟಿಲಿಂದ ಬಿದ್ದು ಸತ್ಲು ಅಂತ ಅಪ್ಪ ಹೇಳಿದ. ಬಿದ್ದಿರಲಿಲ್ಲ. ಮನೇಲಿ ನಾನಿದ್ದೆ, ಹನ್ನೊಂದು ವರ್ಷ ನಂಗೆ. ಒಬ್ಬರೂ ಬಂದು ವಿಚಾರಿಸ್ಲಿಲ್ಲ. ಈ ಕಥೆಗಳಲ್ಲಿ ವಿಚಾರಿಸ್ತಾರೆ, ರೊವೀನಾ. ಮನೆ ಮನೆ ಬಾಗಿಲು ತಟ್ತಾರೆ. ಅದು ನಂಗೆ... ಅದು ಬೇಕು ಅನ್ಸುತ್ತೆ."

ಆ ಹನ್ನೊಂದು ವರ್ಷದ ಹುಡುಗನ ಮೇಲೆ ಕನಿಕರ ಬಂತು. ಸಿಟ್ಟೇನೂ ಇಳಿಯಲಿಲ್ಲ. ಎರಡನ್ನೂ ಹೊತ್ತು ನಿಂತಿದ್ದೆ.

"ಎಲ್ಲಾ ಅಳಿಸಿ ಹಾಕ್ತೀನಿ. ದೇವರಾಣೆ."

"ಬೇಡ." ಕೇಳಲೋ ಬೇಡವೋ ಎಂದುಕೊಂಡು ಕೇಳಿಯೇಬಿಟ್ಟೆ. "ಅವಳ ಮೆಸೇಜು ಅದರಲ್ಲಿ ಎಲ್ಲಿದೆ?"

"ಮೂವತ್ತೊಂದನೇ ನಿಮಿಷ."

ನನ್ನ ಆ ಫೋನು ನೀರಿಗೆ ಬಿದ್ದು ಹಾಳಾಗಿ ಏಳು ವರ್ಷ. ಕಾರ್ಯಕ್ರಮದವರ ಹತ್ತಿರವೂ ಬೇರೆ ಪ್ರತಿ ಇಲ್ಲವಂತೆ. ಲೋರ್ನಾಳ ದನಿ ಭೂಮಿಯ ಮೇಲೆ ಉಳಿದಿರುವುದು ಅದೊಂದೇ ಕಡೆ. ಅದರ ಬೆನ್ನಿಗೇ ನಿರೂಪಕಿ, ಕೊಂದವನು ಅವಳಿಗೆ ಏನೇನು ಮಾಡಿದ ಎಂದು ಶುರುಮಾಡುತ್ತಾಳೆಂದು ಅಮ್ಮ ಹೇಳಿದ್ದಳು. ಪೊಲೀಸರ ಬಾಯಲ್ಲಿ ಅದನ್ನು ಒಮ್ಮೆ ಕೇಳಿದ್ದೇನೆ. ಇನ್ನೊಮ್ಮೆ ಕೇಳಿದರೆ ಬದುಕಲಾರೆ. ಎಷ್ಟೋ ಸಲ ಹಚ್ಚಿ, ಅವಳ ದನಿ ಬರುವ ಮುಂಚೆಯೇ ಹೆದರಿ ಆರಿಸಿದ್ದೆ.

"ಅವಳ ಮಾತು ಮುಗಿದ ಕೂಡ್ಲೇ ನಿಲ್ಲಿಸೋಕಾಗುತ್ತಾ ನಿಂಗೆ? ಒಂದಕ್ಷರ ಹೆಚ್ಚಾಗಬಾರ್ದು."

"ಆಗುತ್ತೆ. ಕೊನೇಲಿ ಅವಳು ನಗ್ತಾಳೆ. ಆಮೇಲೆ ಆ ಹೆಂಗಸು ಉಸಿರೆಳ್ಕೊಳ್ಳೋ ಸದ್ದು ಬರುತ್ತೆ, ಸಣ್ಣದು. ಅದಕ್ಕೂ ಮುಂಚೆ ನಿಲ್ಲಿಸ್ತೀನಿ."

ಅಷ್ಟು ಬಾಯಿಪಾಠವಾಗಿತ್ತು ಅವನಿಗೆ. ಅಸಹ್ಯಪಡಬೇಕಿತ್ತು ನಾನು. ಹೋಗಿ ಅವನ ಟ್ರಕ್ಕಿನಲ್ಲಿ ಕೂತೆ. ಅವನು ಫೋನಿನಲ್ಲಿ ಆ ನಿಮಿಷಕ್ಕೆ ಹಚ್ಚಿದ.

"ರೋ, ನಾನು ಕಣೆ. ಫೋನ್ ಎತ್ತೇ ಸೋಮಾರಿ. ನಿನ್ನ ಹಸಿರು ಸ್ವೆಟರ್ ಹಾಕ್ಕೊಂಡಿದೀನಿ, ಬೈಬೇಡ. ನಂಗೇ ಚೆನ್ನಾಗಿ ಕಾಣುತ್ತೆ, ಕೊಡಲ್ಲ ಹೋಗು..." ಲೋರ್ನಾ ನಕ್ಕಳು.

ಅಷ್ಟೇ. ಟೋಬಿಯ ಹೆಬ್ಬೆರಳು ಫೋನಿನ ಪರದೆಯನ್ನು ಒತ್ತಿತ್ತು.

ಒಂಬತ್ತು ವರ್ಷದ ಅಳು ಒಟ್ಟಿಗೇ ಬಂತು. ಅವನು ಮುಟ್ಟಲಿಲ್ಲ, ಕಾದ.

"ನೀವಂದ್ರೆ ನಂಗಿಷ್ಟ ಅಂತ ಇವತ್ತು ಹೇಳೋಣ ಅಂತಿದ್ದೆ. ಇನ್ನು ಯಾವ ಮುಖ ಇಟ್ಕೊಂಡು ಹೇಳ್ಲಿ," ಎಂದ, ನನ್ನ ಅಳು ಇಳಿದ ಮೇಲೆ.

"ಇದೇ ಮುಖ. ನಂಗೂ ಇಷ್ಟ, ಕಣೋ. ಸಿಟ್ಟು ಬೇರೆ, ಅದು ಇರುತ್ತೆ." ಹಿಟ್ಟು ಒಣಗಿದ ನನ್ನ ಕೈಯನ್ನು ಅವನ ಕೈಗೆ ಕೊಟ್ಟೆ. "ಇನ್ನೊಂದ್ಸಲ ಹಾಕು."

ಈ ಸಲ ಕಣ್ಣು ಮುಚ್ಚಿಕೊಂಡೆ. ಹೆದರಿಕೆ ಆಗಲಿಲ್ಲ. ಲೋರ್ನಾ ನಕ್ಕಳು. ಟೋಬಿ ನಿಲ್ಲಿಸಿದ.